ಊಟದ ಸಾಲಿಗೆ ಬರಲಾರದ ಮಗು

ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವುದು ನಮಗೆ ಹೊಸ ಸಂಗತಿಯೇನಲ್ಲ. ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಹಸಿದ ಮಕ್ಕಳಿಗೆ ಊಟವೊದಗಿಸುವ ಅಧಿಕಾರವನ್ನು 1906ರ ಕಾನೂನು ಅಲ್ಲಿನ ಸ್ಥಳೀಯ ಆಡಳಿತಗಳಿಗೆ ಕೊಟ್ಟಿತು. 1944ರ ಶಿಕ್ಷಣ ಕಾನೂನು ಶಾಲಾ ಊಟವನ್ನು ಅವುಗಳ ಕರ್ತವ್ಯವೆಂದೇ ವಿಧಿಸಿತು. ಅನಂತರ ಕಾನೂನು ಹಲವು ಸಲ ಬದಲಾಯಿತು. 2014ರಿಂದ ಸರ್ಕಾರಿ ಶಾಲೆಗಳ ಮೊದಲ ಮೂರು ವರ್ಷದ ಮಕ್ಕಳೆಲ್ಲರಿಗೂ ಊಟ ಉಚಿತ. ಮೇಲಿನ ತರಗತಿಗಳಲ್ಲಿ ಸಾಮಾನ್ಯವಾಗಿ ಕುಟುಂಬದ ವರಮಾನವನ್ನು ನೋಡಿ ಕೊಡುವ ಪದ್ಧತಿಯಿದೆ.

ಆದರೆ ಊಟಕ್ಕೆ ಪೂರ್ಣ ಹಕ್ಕಿದ್ದೂ ಅದನ್ನು ಉಣ್ಣಲಾರದ ಮಕ್ಕಳಿದ್ದಾರೆ. ಅವರೇ ವಿಶೇಷ ವಿದ್ಯಾಭ್ಯಾಸದ ಅಗತ್ಯವುಳ್ಳ ಮಕ್ಕಳು. ಇದು ಹೇಗೆಂದು ನೀವು ಕೇಳಬಹುದು.

ನೂರಾರು ಮಕ್ಕಳು ಏಕಕಾಲಕ್ಕೆ ಕುಳಿತ ಊಟದ ಕೋಣೆಯನ್ನು ಕಲ್ಪಿಸಿಕೊಳ್ಳಿ. ತಟ್ಟೆಗಳ ಸದ್ದು, ಕೂಗಾಟ, ಹತ್ತು ಬಗೆಯ ವಾಸನೆ. ಆಟಿಸಂ ಇರುವ ಮಗುವಿಗೆ ಇದು ಸಹಿಸಲಾರದ ಹಿಂಸೆಯಾಗಬಹುದು. ಅಂಥ ಮಕ್ಕಳಲ್ಲಿ ಕೆಲವರು ಎರಡು ಮೂರು ಬಗೆಯ ಆಹಾರವನ್ನಲ್ಲದೆ ಬೇರೇನನ್ನೂ ಬಾಯಿಗಿಡರು. ಇದು ಹಟವಲ್ಲ, ಸ್ವಭಾವ. ನುಂಗಲು ಕಷ್ಟಪಡುವ ಮಗುವಿಗೆ ಅನ್ನವನ್ನು ನುಣ್ಣಗೆ ಅರೆದು ಕೊಡಬೇಕು. ಮತ್ತೊಂದು ಮಗು ದೀರ್ಘಕಾಲದ ಕಾಯಿಲೆಯಿಂದ ಮನೆಯಲ್ಲೇ ಇದೆ. ಹೆಸರು ಹಾಜರಿ ಪುಸ್ತಕದಲ್ಲಿದೆ, ಊಟ ಮಾತ್ರ ಶಾಲೆಯಲ್ಲೇ ಉಳಿಯುತ್ತದೆ. ಇಂಥ ಮಗುವಿನ ಮನೆಯಲ್ಲಿ ಖರ್ಚು ಹೆಚ್ಚು. ಆರೈಕೆಗಾಗಿ ತಾಯಿಯೋ ತಂದೆಯೋ ಕೆಲಸ ಬಿಟ್ಟಿದ್ದರೆ ಸಂಪಾದನೆ ಕಡಿಮೆ. ನೆರವು ಅತ್ಯಗತ್ಯವಾದ ಕಡೆಯಲ್ಲೇ ಅದು ಮುಟ್ಟದೆ ಹೋಗುತ್ತದೆ.

ಇದಕ್ಕೆ ಪರಿಹಾರ 2010ರ ಸಮಾನತಾ ಕಾನೂನಿನಲ್ಲಿದೆ. ಅಂಗವೈಕಲ್ಯವುಳ್ಳವರಿಗೆ ಇತರರಿಗಿಂತ ಹೆಚ್ಚಿನ ತೊಂದರೆಯಾಗದಂತೆ, ತಮ್ಮ ಏರ್ಪಾಡುಗಳನ್ನು ಯುಕ್ತವಾದಷ್ಟು ಮಟ್ಟಿಗೆ ಬದಲಿಸಿಕೊಳ್ಳುವುದು ಶಾಲೆಗಳ ಹೊಣೆ. ಈ ಹೊಣೆ ಉಚಿತ ಊಟಕ್ಕೂ ಅನ್ವಯಿಸುತ್ತದೆಂದು ಅಲ್ಲಿನ ಶಿಕ್ಷಣ ಇಲಾಖೆ 2024ರಲ್ಲಿ ತನ್ನ ಮಾರ್ಗದರ್ಶಿಯಲ್ಲಿ ಸ್ಪಷ್ಟಪಡಿಸಿತು. ಗದ್ದಲವಿಲ್ಲದ ಕೋಣೆಯಲ್ಲಿ ಬಡಿಸಬಹುದು. ಊಟದ ವೇಳೆಯನ್ನು ಬದಲಿಸಬಹುದು. ಮಗು ಒಪ್ಪುವ ಆಹಾರವನ್ನು ಒದಗಿಸಬಹುದು. ಇದಾವುದೂ ಸಾಧ್ಯವಾಗದಿದ್ದರೆ, ದಿನಸಿ ಕೊಳ್ಳಲು ಕುಟುಂಬಕ್ಕೆ ಚೀಟಿ ಕೊಡಬಹುದು.

ಆದರೂ ಒಂದು ಕೊರತೆ ಉಳಿದಿದೆ. ಯಾವ ಶಾಲೆಯೂ ಹೊಂದದೆ, ಸ್ಥಳೀಯ ಆಡಳಿತದ ಏರ್ಪಾಡಿನಲ್ಲಿ ಶಾಲೆಯ ಹೊರಗೇ ಕಲಿಯುವ ಮಕ್ಕಳಿದ್ದಾರೆ. ಅವರ ಹೆಸರು ಯಾವ ಶಾಲೆಯಲ್ಲೂ ಇಲ್ಲದಿದ್ದರೆ, ಶಾಲಾ ಊಟದ ಕಾನೂನು ಅವರನ್ನು ತಲುಪದು. ಅಂಥವರಿಗೂ ಸಮಾನವಾದ ನೆರವನ್ನು ಆಲೋಚಿಸುವಂತೆ ಇಲಾಖೆ ಆಡಳಿತಗಳಿಗೆ ಸೂಚಿಸಿದೆ. ಆದರೆ ಸೂಚನೆಯೇ ಬೇರೆ, ಹಕ್ಕೇ ಬೇರೆ. ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವು ಪಡೆಯುವ ಎಲ್ಲ ಕುಟುಂಬಗಳ ಶಾಲಾಮಕ್ಕಳಿಗೂ 2026ರ ಸೆಪ್ಟೆಂಬರಿನಿಂದ ಊಟ ವಿಸ್ತರಿಸುವುದಾಗಿ 2025ರಲ್ಲಿ ಸರ್ಕಾರ ಪ್ರಕಟಿಸಿತು. ಪಟ್ಟಿ ಹಿಗ್ಗಿದ ಮಾತ್ರಕ್ಕೆ ಪಟ್ಟಿಯ ಹೊರಗಿನ ಮಗುವಿಗೆ ಅನ್ನ ದೊರೆಯುವುದಿಲ್ಲ.

ಊಟ ಸಲ್ಲಬೇಕಾದದ್ದು ಮಗುವಿಗೋ, ಅದು ಕುಳಿತುಕೊಳ್ಳುವ ಬೆಂಚಿಗೋ? ಪ್ರಶ್ನೆ ಇಷ್ಟೇ. ಶಾಲೆಗೆ ಬರಲಾರದೆ ಮನೆಯಲ್ಲೇ ಪಾಠ ಹೇಳಿಸಿಕೊಳ್ಳುವ ಮಕ್ಕಳು ನಮ್ಮ ನಾಡಿನಲ್ಲೂ ಇದ್ದಾರೆ. ನಿಮ್ಮ ಊರಿನ ಶಾಲೆಯಲ್ಲಿ ಊಟದ ಗಂಟೆ ಬಾರಿಸಿದಾಗ, ಸಾಲಿನಲ್ಲಿ ಕಾಣದ ಮಗು ಯಾವುದೆಂದು ಒಮ್ಮೆ ವಿಚಾರಿಸಿ ನೋಡಿ.