ಕಥಾಸ್ಪರ್ಧೆಗೆ ಬರೆಯುವ ಕಿರಿಯರಿಗೆ

ಕಥೆಗೆ ಬಹುಮಾನವುಂಟೆಂಬ ಪ್ರಕಟಣೆಯನ್ನು ಕಂಡೊಡನೆ ಅನೇಕ ಮನೆಗಳಲ್ಲಿ ಹುಡುಗ ಹುಡುಗಿಯರು ಲೇಖನಿ ಹಿಡಿದು ಕುಳಿತುಕೊಳ್ಳುವರು. ಇದು ಸಂತೋಷದ ಸಂಗತಿಯೇ ಸರಿ. ಆದರೆ "ತೀರ್ಪುಗಾರರಿಗೆ ಯಾವುದು ಮೆಚ್ಚುಗೆಯಾದೀತು?" ಎಂಬ ಯೋಚನೆಯಿಂದ ಆರಂಭಿಸುವವರೇ ಅವರಲ್ಲಿ ಹೆಚ್ಚು. ಕಥೆಯು ಸೊರಗುವುದು ಇಲ್ಲಿಂದಲೇ. "ನಾನು ಕಣ್ಣಾರೆ ಕಂಡು ಬಲ್ಲ ಸಂಗತಿ ಯಾವುದು?" ಎಂದು ಕೇಳಿಕೊಳ್ಳುವುದೇ ಯೋಗ್ಯವೆಂದು ನಮ್ಮ ಅಭಿಪ್ರಾಯ.

ಕುವೆಂಪು ಅವರು ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವನ ಕಟ್ಟುತ್ತಿದ್ದರು. 1922ರಲ್ಲಿ ಅವುಗಳ ಪುಸ್ತಕವೂ ಅಚ್ಚಾಯಿತು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಆ ಕವನಗಳನ್ನು ನೋಡಿ, ತಾಯ್ನುಡಿಯಲ್ಲಿ ಬರೆಯುವಂತೆ ಬುದ್ಧಿ ಹೇಳಿದರು. ತರುಣ ಕವಿಯು ಕನ್ನಡಕ್ಕೆ ತಿರುಗಿದನು. ಹುಟ್ಟಿ ಬೆಳೆದ ಮಲೆನಾಡು 1936ರ 'ಕಾನೂರು ಹೆಗ್ಗಡಿತಿ'ಯಲ್ಲಿ ಮೈದುಂಬಿ ನಿಂತಿತು.

ವಸ್ತುವು ದೊಡ್ಡದಾಗಿರಬೇಕೆಂಬ ನಿಯಮವೂ ಇಲ್ಲ. ಮಾಸ್ತಿಯವರ 'ರಂಗನ ಮದುವೆ'ಯಲ್ಲಿರುವುದು ಹಳ್ಳಿಯ ಒಬ್ಬ ಯುವಕನಿಗೆ ಮದುವೆ ಕೂಡಿಬಂದ ಬಗೆ, ಅಷ್ಟೆ. ಜಗಲಿಯಲ್ಲಿ ಕುಳಿತು ಹೇಳಿದಂತಿರುವ ಆ ಮಾತಿನ ಸೊಗಸಿಗೆ ವಾಚಕರು ಇಂದಿಗೂ ಒಲಿಯುತ್ತಾರೆ.

ಇನ್ನು ಕೆಲಸದ ಮಾತು. ಸ್ಪರ್ಧೆಯ ನಿಯಮಗಳನ್ನು ಎರಡು ಬಾರಿ ಓದಿರಿ. ಪದಗಳ ಮಿತಿಯನ್ನೂ ಕೊನೆಯ ದಿನಾಂಕವನ್ನೂ ಮೀರಬೇಡಿರಿ. ಒಂದು ಕಥೆಗೆ ಒಂದೇ ಮುಖ್ಯ ಘಟನೆ ಸಾಕು. ಅಜ್ಜಿಯ ಬಾಯಲ್ಲಿ ಅಜ್ಜಿಯ ಮಾತೇ ಬರಲಿ, ಪಂಡಿತರ ಮಾತು ಬೇಡ. ಬರೆದುದನ್ನು ನಾಲ್ಕಾರು ದಿನ ಮುಚ್ಚಿಟ್ಟು, ಅನಂತರ ಗಟ್ಟಿಯಾಗಿ ಓದಿರಿ. ನಾಲಗೆ ಎಡವಿದೆಡೆಯಲ್ಲಿ ವಾಕ್ಯವನ್ನು ತಿದ್ದಿರಿ. ಕೊನೆಯಲ್ಲಿ ನೀತಿಯನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಕಥೆಯಲ್ಲಿ ಅದು ಇದ್ದರೆ ಓದುವವರಿಗೆ ತಾನಾಗಿಯೇ ತಿಳಿಯುವುದು.

ಹಿರಿಯರಲ್ಲಿಯೂ ನಮ್ಮದೊಂದು ಬಿನ್ನಹ. ಮಗನೋ ಮಗಳೋ ಬರೆದ ಕಥೆಯನ್ನು ತಾವೇ ತಿದ್ದಿ ಹೊಳಪು ಕೊಡುವ ತಂದೆತಾಯಿಗಳು ಕೆಲವರಿರುತ್ತಾರೆ. ಈಗಂತೂ ಕೇಳಿದ ಕ್ಷಣದಲ್ಲಿ ಕಥೆ ಹೆಣೆದುಕೊಡುವ ಯಂತ್ರಗಳೂ ಬಂದಿವೆ. ಮಗುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸಿದರೆ ಅದಕ್ಕೆ ಈಜು ಬಂದೀತೆ? ಅನ್ಯರ ಕೈಯಿಂದ ದೊರೆತ ಬಹುಮಾನವು ಮನೆಯ ಗೋಡೆಗೆ ಶೋಭೆಯಾದೀತು. ಆದರೆ ತನ್ನ ಮಾತಿಗೆ ಬೆಲೆಯಿಲ್ಲವೆಂಬ ಅಳುಕು ಮಗುವಿನ ಮನಸ್ಸಿನಲ್ಲಿ ಬೇರೂರುವುದು. "ಇಲ್ಲಿ ಏನಾಯಿತು? ಅವಳು ಏಕೆ ಅತ್ತಳು?" ಎಂದು ಕೇಳಿರಿ, ಸಾಕು. ಉತ್ತರವನ್ನು ಮಗುವೇ ಬರೆಯಲಿ.

ಬಹುಮಾನಗಳು ಮೂರೋ ನಾಲ್ಕೋ, ಬರೆಯುವವರು ನೂರಾರು ಮಂದಿ. ಆದುದರಿಂದ ಫಲಿತಾಂಶದಲ್ಲಿ ಹೆಸರು ಕಾಣದ ದಿನ ಮನೆಯವರು ಹಾಸ್ಯ ಮಾಡದಿರಲಿ. ಆ ಹಸ್ತಪ್ರತಿಯನ್ನು ಜೋಪಾನವಾಗಿ ಎತ್ತಿಟ್ಟು, ಒಂದು ವರ್ಷದ ಬಳಿಕ ಮರಳಿ ಓದಿಸಿರಿ. ತನ್ನ ತಪ್ಪನ್ನು ತಾನೇ ಕಂಡುಕೊಳ್ಳಬಲ್ಲ ಮಗುವು ಎರಡನೆಯ ಕಥೆಗೆ ಸಿದ್ಧವಾಗಿದೆಯೆಂದೇ ನಾವು ತಿಳಿಯುತ್ತೇವೆ. ಅಂತಹ ಎರಡನೆಯ ಕಥೆಗಳು ನಮ್ಮ ಮನೆಮನೆಗಳಲ್ಲಿಯೂ ಹುಟ್ಟಲೆಂದು ಹಾರೈಸುತ್ತೇವೆ.