ಮೊದಲು ಪರಿಚಯ, ಆಮೇಲೆ ಪಾಠ

ವಾರವೆಲ್ಲ ಸರಕಾರಿ ಕಚೇರಿಯ ಕಡತಗಳ ನಡುವೆ ಕಳೆಯುವ ನಮಗೆ ಭಾನುವಾರ ಬೆಳಗ್ಗೆ ಎರಡು ಗಂಟೆಯ ಹೊತ್ತು ಬೇರೊಂದು ಉದ್ಯೋಗವುಂಟು. ಪರೇಲಿನ ಹಳೆಯ ಚಾಳಿನ ಒಂದು ಕೋಣೆಯಲ್ಲಿ 20 ಮಕ್ಕಳಿಗೆ ಕನ್ನಡ ಓದುಬರಹ ಹೇಳಿಕೊಡುವುದು. ಸಂಬಳವಿಲ್ಲ, ಬಡ್ತಿಯಿಲ್ಲ, ಮೇಲಧಿಕಾರಿಯೂ ಇಲ್ಲವೆಂಬುದೇ ಅದರ ಸುಖ. ಈ ವರ್ಗದ ಮೊದಲ ದಿನ ನಾವು ಮಾಡಿದ ಒಂದು ತಪ್ಪನ್ನೂ ಅದರಿಂದ ಕಲಿತ ಕೆಲವು ಆಟಗಳನ್ನೂ ವಾಚಕರ ಮುಂದಿಡಬೇಕೆಂದು ಇದನ್ನು ಬರೆಯುತ್ತಿದ್ದೇವೆ.

ಆ ದಿನ ಮಕ್ಕಳು ಕುಳಿತ ರೀತಿಯನ್ನು ನೋಡಬೇಕಿತ್ತು. ಮಂಗಳೂರು, ಉಡುಪಿಯ ಕಡೆಯವರು ಕಿಟಕಿಯ ಬಳಿ; ವಿಜಯಪುರ, ಕಲಬುರಗಿಯ ಕಡೆಯವರು ಬಾಗಿಲ ಬಳಿ; ಮೈಸೂರು ಸೀಮೆಯ ಇಬ್ಬರು ನಡುವೆ ದ್ವೀಪದಂತೆ. ಮನೆಯಲ್ಲಿ ಕೆಲವರದು ತುಳು, ಕೆಲವರದು ಕೊಂಕಣಿ; ಬೀದಿಯಲ್ಲಿ ಎಲ್ಲರದೂ ಮರಾಠಿ, ಹಿಂದಿ. ತಮ್ಮ ಕನ್ನಡವನ್ನು ಕೇಳಿ ಉಳಿದವರು ನಕ್ಕಾರೆಂದು ಒಬ್ಬೊಬ್ಬರಿಗೂ ಅಂಜಿಕೆ. ಇಂಥ ಹೊತ್ತಿನಲ್ಲಿ ಮಾಡುವ ಪರಿಚಯದ ಆಟಗಳನ್ನು ಇಂಗ್ಲಿಷಿನವರು ಮಂಜುಗಡ್ಡೆ ಒಡೆಯುವುದು ಎನ್ನುತ್ತಾರೆ. ಪರೇಲಿನ ಸೆಕೆಯಲ್ಲಿ ಮಂಜುಗಡ್ಡೆ ಎಲ್ಲಿಂದ ಬರಬೇಕು! ಸಂಕೋಚ ಬಿಡಿಸುವುದು ಎಂದರೆ ನಮಗೆ ಸಾಕು.

ಹಿಂದಿನವರಿಗೆ ಇಂಥ ಆಟಗಳ ಅಗತ್ಯ ಅಷ್ಟಿರಲಿಲ್ಲ. ಪರೇಲ್, ಲಾಲ್‌ಬಾಗ್ ಎಂದರೆ ಆಗ ಗಿರಣಗಾಂವ್. ಒಂದೇ ಪಾಳಿ, ಒಂದೇ ನಲ್ಲಿ, ಒಂದೇ ಗ್ಯಾಲರಿ. ಪರಿಚಯ ತಾನಾಗಿ ಆಗುತ್ತಿತ್ತು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಎಷ್ಟೋ ಗಿರಣಿಗಳ ನೆಲದಲ್ಲಿ ಈಗ ಮುಗಿಲು ಮುಟ್ಟುವ ಕಟ್ಟಡಗಳೆದ್ದಿವೆ. ಎದುರು ಬಾಗಿಲಿನವರ ಹೆಸರು ತಿಳಿಯದ ಕಾಲದಲ್ಲಿ ಪರಿಚಯವನ್ನು ನಾವೇ ಮಾಡಿಸಬೇಕಾಗಿದೆ.

ಆದರೆ ನಾವು ಮಾಡಿಸಿದ್ದು ಹೇಗೆ? ಗುಮಾಸ್ತರ ಬುದ್ಧಿ ಎಲ್ಲಿ ಹೋದೀತು! ಒಬ್ಬೊಬ್ಬರನ್ನೇ ನಿಲ್ಲಿಸಿ, ಅರ್ಜಿಯ ನಮೂನೆ ತುಂಬಿಸುವಂತೆ ಕೇಳಿದೆವು: ಹೆಸರೇನು? ಊರು ಯಾವುದು? ತಂದೆಯ ಉದ್ಯೋಗವೇನು? ಬಾಗಿಲ ಬಳಿಯ ಒಬ್ಬ ಹುಡುಗ ಮೂರನೆಯ ಪ್ರಶ್ನೆಗೆ ಬಾಯಿ ಬಿಡಲಿಲ್ಲ. ನಾವು ಮತ್ತೊಮ್ಮೆ, ತುಸು ಗಟ್ಟಿಯಾಗಿ ಕೇಳಿದೆವು. ಯಾರೋ ಕಿಸಕ್ಕನೆ ನಕ್ಕರು. ಮುಂದಿನ ಎರಡು ಭಾನುವಾರ ಆ ಹುಡುಗ ಬರಲಿಲ್ಲ.

ವಿಚಾರಿಸೋಣವೆಂದು ಮನೆಗೆ ಹೋದೆವು. ತಾಯಿ ಬಾಗಿಲಲ್ಲೇ ದನಿ ತಗ್ಗಿಸಿ, “ಅವರಪ್ಪನ ಕೆಲಸ ಹೋಗಿ ಮೂರು ತಿಂಗಳಾತ್ರಿ, ಸರ. ಎಲ್ಲಾರ ಮುಂದ ಅದನ್ನ ಹೆಂಗ ಹೇಳತಾನ್ರಿ?” ಎಂದರು. ನಮಗೆ ಉತ್ತರ ತೋಚಲಿಲ್ಲ. ಇನ್ನು ಮುಂದೆ ಯಾರನ್ನೂ ಹಾಗೆ ಕೇಳುವುದಿಲ್ಲವೆಂದು ಮಾತು ಕೊಟ್ಟು ಬಂದೆವು. ಮಗು ತಾನಾಗಿ ಹೇಳಿದ್ದಷ್ಟೇ ಪರಿಚಯ; ನಾವು ಕೆದಕಿದ್ದೆಲ್ಲ ವಿಚಾರಣೆ. ಆಗ ನಮ್ಮ ಕ್ರಮವನ್ನು ಬದಲಿಸಿದೆವು.

ಮೊದಲನೆಯದು ಜೋಡಿ ಆಟ. ಬೇರೆಬೇರೆ ಮೂಲೆಯ ಇಬ್ಬರನ್ನು ಜೊತೆಗೂಡಿಸಿ 5 ನಿಮಿಷ ಮಾತಿಗೆ ಬಿಡುವುದು. ಯಾವ ಆಟ ಇಷ್ಟ, ಯಾವ ತಿಂಡಿ ಇಷ್ಟ, ಇಷ್ಟೇ ಪ್ರಶ್ನೆ. ಆಮೇಲೆ ಪ್ರತಿಯೊಬ್ಬರೂ ತಮ್ಮನ್ನಲ್ಲ, ಜೊತೆಯವರನ್ನು ಪರಿಚಯಿಸಬೇಕು. ತನ್ನ ವಿಷಯ ಹೇಳಲು ನಾಚುವ ಮಗು ಗೆಳೆಯನ ವಿಷಯವನ್ನು ಧೈರ್ಯವಾಗಿ ಹೇಳುತ್ತದೆ.

ಎರಡನೆಯದು ಹೆಸರಿನ ಸರಪಳಿ. ವೃತ್ತವಾಗಿ ಕುಳಿತು ಮೊದಲಿನವರು ತಮ್ಮ ಹೆಸರು, ಮೆಚ್ಚಿನ ತಿಂಡಿ ಹೇಳುವುದು; ಮುಂದಿನವರು ಹಿಂದಿನವರದನ್ನೆಲ್ಲ ಹೇಳಿ ತಮ್ಮದನ್ನು ಸೇರಿಸುವುದು. ಕೊನೆಯ ಕಷ್ಟದ ಸ್ಥಾನ ಮಾಸ್ತರರಿಗೇ ಇರಲಿ. ಕಡತಗಳ ಸಂಖ್ಯೆಯನ್ನು ಬಾಯಿಪಾಠ ಒಪ್ಪಿಸಬಲ್ಲ ನಾವು ಹನ್ನೆರಡನೆಯ ಹೆಸರಿಗೆ ತಡವರಿಸಿ ನಿಂತೆವು. ಕೋಣೆಯೆಲ್ಲ ನಗು. ಆಗ ಬಾಗಿಲ ಬಳಿಯ ಹುಡುಗ ಹುಡುಗಿಯೊಬ್ಬಳ ಹೆಸರು ಹೇಳಿ, “ಅಕಿಗೆ ನೀರುದೋಸೆ ಇಷ್ಟರಿ, ಸರ” ಎಂದ. ಹೌದು, ಅವನು ಮರಳಿ ಬಂದಿದ್ದ.

ಮೂರನೆಯದು ಮಾತಿನ ಚೀಟಿ. ಮೈಸೂರಿನ ಕಡಲೆಕಾಯಿ ಧಾರವಾಡದ ಕಡೆ ಶೇಂಗಾ, ಕರಾವಳಿಯಲ್ಲಿ ನೆಲಗಡಲೆ. ಕನ್ನಡದ ಹೆಸರು ತುಳುವಿನಲ್ಲಿ ಪುದರ್, ಕೊಂಕಣಿಯಲ್ಲಿ ನಾಂವ್. ಇಂಥ ಮಾತುಗಳನ್ನು ಚೀಟಿಗಳಲ್ಲಿ ಬರೆದು ಹಂಚಿ, ಒಂದೇ ಅರ್ಥದವರು ಒಬ್ಬರನ್ನೊಬ್ಬರು ಹುಡುಕಲೆಂದು ಬಿಡುತ್ತೇವೆ. ಕೇಳದೆ ಜೊತೆ ಸಿಗುವುದಿಲ್ಲ. ಯಾರ ಮಾತೂ ತಪ್ಪಲ್ಲವೆಂಬುದು ಹುಡುಕುವಾಗಲೇ ತಿಳಿಯುತ್ತದೆ. ಕೊನೆಗೆ ಹುರಿದ ಶೇಂಗಾ ಹಂಚಿದರೆ ಯಾವ ಹೆಸರಿನಲ್ಲಾದರೂ ರುಚಿ ಒಂದೇ!

ನಾಲ್ಕನೆಯದು ಕಥೆಯ ತುಂಡು. ಅಮೆರಿಕದ ಆಸ್ಟಿನ್ ನಗರದಲ್ಲಿ ಬಿಳಿಯ, ಆಫ್ರಿಕನ್ ಮೂಲದ ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಹೊಸದಾಗಿ ಒಂದೇ ವರ್ಗಕ್ಕೆ ಬಂದಾಗ ಜಗಳಗಳಾದವು. 1971ರಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಪಾಠವನ್ನೇ ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವ ಉಪಾಯ ಹೂಡಿದರು. ಜೊತೆಯವರ ಮಾತನ್ನು ಕೇಳದೆ ಪೂರ್ತಿ ಪಾಠ ಯಾರಿಗೂ ಸಿಗದು. ನಾವು ಕಾಗಕ್ಕ ಗುಬ್ಬಕ್ಕನ ಕಥೆಯನ್ನು 5 ತುಂಡು ಮಾಡಿ, ಐದೈದು ಮಕ್ಕಳ ಗುಂಪಿಗೆ ಕೊಟ್ಟೆವು. ಕಿಟಕಿ, ಬಾಗಿಲುಗಳ ಗಡಿ ಅಂದೇ ಅಳಿಸಿತು.

“ಆಟಕ್ಕೇ ಹೊತ್ತು ಕಳೆದರೆ ಅಕ್ಷರ ಯಾವಾಗ?” ಎಂದು ಪಾಲಕರೊಬ್ಬರು ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆಯೇ. ಆದರೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ‘ನಲಿ-ಕಲಿ’ ಪದ್ಧತಿ ಹಾಡು, ಆಟಗಳಿಂದಲೇ ಅಕ್ಷರ ಕಲಿಸುತ್ತ ಕರ್ನಾಟಕದ ಸರಕಾರಿ ಶಾಲೆಗಳಿಗೆ ಹರಡಿತು. ನಾವು ಕೇಳುವುದು ಬರಿಯ ಹತ್ತು ಹದಿನೈದು ನಿಮಿಷ. ಒಂದು ದಿನಕ್ಕೆ ಒಂದೇ ಆಟ ಸಾಕು. ಆಡಲೊಲ್ಲದ ಮಗುವನ್ನು ಬಲವಂತಪಡಿಸಬಾರದು, ನೋಡುತ್ತ ಕುಳಿತಿರಲಿ. ಜಾತಿ, ಬಾಡಿಗೆ, ಪರೀಕ್ಷೆಯ ಅಂಕ, ತಂದೆಯ ಸಂಬಳ ಇವುಗಳ ಸುದ್ದಿ ಬೇಡವೇ ಬೇಡ. ನಿಮ್ಮ ಚಾಳಿನಲ್ಲಿ, ಸೊಸೈಟಿಯಲ್ಲಿ ಮಕ್ಕಳು ಸೇರುವುದಾದರೆ ಪ್ರಯೋಗಿಸಿ ನೋಡಿ.

ಕಳೆದ ಭಾನುವಾರ ಹೊಸ ಹುಡುಗಿಯೊಬ್ಬಳು ಬಂದು ಹೊಸ್ತಿಲಲ್ಲೇ ನಿಂತಳು. ನಾವು ಹಾಜರಿ ಪುಸ್ತಕ ತೆರೆಯುವ ಮೊದಲೇ ಆ ಹುಡುಗ ಚಾಪೆಯ ಮೇಲೆ ಸರಿದು ಜಾಗ ಮಾಡಿದ. “ನಿನ್ನ ಹೆಸರೇನ? ಏನು ತಿನ್ನಾಕ ಇಷ್ಟ?” ಎಂದು ಕೇಳಿದ. ಮತ್ತೇನನ್ನೂ ಕೇಳಲಿಲ್ಲ.