ಜೈಲಿನಲ್ಲಿ ಕೂಡಿದ ಪುರಸಭೆ

ಹಾವೇರಿ ಸೀಮೆಯ ಹಿರಿಯರಿಗೆ ಕರನಿರಾಕರಣೆ ಎಂದೊಡನೆ ನೆನಪಾಗುವುದು ಹಿರೇಕೆರೂರು. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರಗಳಂತೆ ಅಲ್ಲಿಯ ರೈತರೂ ಬ್ರಿಟಿಷ್ ಸರಕಾರಕ್ಕೆ ಕಂದಾಯ ಕೊಡಲು ನಿರಾಕರಿಸಿದರು. ಅದಕ್ಕೂ ಸುಮಾರು ಹತ್ತು ವರ್ಷ ಮೊದಲೇ, ಅದೇ ಬ್ರಿಟಿಷರ ರಾಜಧಾನಿ ಲಂಡನ್ನಿನಲ್ಲಿ ಇಂಥದೇ ಹೋರಾಟ ನಡೆದಿತ್ತೆಂಬುದು ಹಲವರಿಗೆ ಗೊತ್ತಿಲ್ಲ. ಅಲ್ಲಿ ತೆರಿಗೆ ತಡೆದವರು ಪುರಸಭೆಯ ಸದಸ್ಯರೇ.

ಪೂರ್ವ ಲಂಡನ್ನಿನ ಪಾಪ್ಲರ್ ಹಡಗುಕಟ್ಟೆಯ ಬಡವರ ಬಡಾವಣೆ. 1919ರ ಚುನಾವಣೆಯಲ್ಲಿ ಅಲ್ಲಿಯ 42 ಸ್ಥಾನಗಳಲ್ಲಿ 39 ಲೇಬರ್ ಪಕ್ಷಕ್ಕೆ ಬಂದವು. ಹಡಗುಕಟ್ಟೆಯ ಹಮಾಲರು, ರೈಲ್ವೆ ನೌಕರರು ಸದಸ್ಯರಾದರು. ಲಾಂಡ್ರಿಯಲ್ಲಿ ದುಡಿದಿದ್ದ ನೆಲ್ಲಿ ಕ್ರೆಸಲ್ ಅವರಲ್ಲೊಬ್ಬರು. ಪುರಸಭೆಯ ಕೆಲಸಗಾರರಿಗೆ ಗಂಡು-ಹೆಣ್ಣೆಂಬ ಭೇದವಿಲ್ಲದೆ ವಾರಕ್ಕೆ ಕನಿಷ್ಠ 4 ಪೌಂಡ್ ಕೂಲಿಯನ್ನು ಈ ಸಭೆ ಗೊತ್ತುಮಾಡಿತು.

ತೊಡಕು ಬಂದದ್ದು ತೆರಿಗೆಯ ಲೆಕ್ಕದಲ್ಲಿ. ಆಗ ನಿರುದ್ಯೋಗಿಗಳಿಗೆ ಪರಿಹಾರ ಕೊಡುವ ಹೊಣೆ ಆಯಾ ಬಡಾವಣೆಯದೇ ಆಗಿತ್ತು. ಸಿರಿವಂತರ ಬಡಾವಣೆಯಲ್ಲಿ ನಿರುದ್ಯೋಗಿಗಳು ಕಡಿಮೆ, ತೆರಿಗೆಯ ಉತ್ಪನ್ನ ಹೆಚ್ಚು. ಪಾಪ್ಲರಿನಲ್ಲಿ ಇದು ತಿರುವುಮುರುವು. ಬಡವರ ಹೊರೆಯನ್ನು ಬಡವರೇ ಹೊರಬೇಕು! ಅದರ ಮೇಲೆ ಇಡೀ ಲಂಡನ್ನಿನ ಆಡಳಿತದ ಪಾಲನ್ನೂ ಕಟ್ಟಬೇಕಿತ್ತು. 1921ರಲ್ಲಿ ಆ ಪಾಲನ್ನು ವಸೂಲು ಮಾಡುವುದಿಲ್ಲವೆಂದು ಸಭೆ ತೀರ್ಮಾನಿಸಿತು.

ನ್ಯಾಯಾಲಯದ ಆಜ್ಞೆಗೆ ಮಣಿಯದ 30 ಸದಸ್ಯರು ಸೆಪ್ಟೆಂಬರ್‌ನಲ್ಲಿ ಜೈಲು ಸೇರಿದರು. ಅವರಲ್ಲಿ ಐವರು ಮಹಿಳೆಯರು. ಕ್ರೆಸಲ್ ಆಗ ಗರ್ಭಿಣಿ. ಅವರನ್ನು ಉಳಿದವರಿಗಿಂತ ಮೊದಲೇ ಬಿಡಲಾಯಿತು. ಗಂಡಸರಿದ್ದ ಬ್ರಿಕ್ಸ್‌ಟನ್ ಜೈಲಿಗೆ ಮಹಿಳಾ ಸದಸ್ಯರನ್ನು ಕರೆತಂದು ಪುರಸಭೆಯ ಸಭೆಗಳೂ ನಡೆದವು. ಅಕ್ಟೋಬರ್‌ನಲ್ಲಿ ಎಲ್ಲರ ಬಿಡುಗಡೆಯಾಯಿತು. ಅದೇ ವರ್ಷ ಬಂದ ಕಾಯ್ದೆ ಪರಿಹಾರದ ಹೊರೆಯನ್ನು ಲಂಡನ್ನಿನ ಬಡಾವಣೆಗಳ ನಡುವೆ ಹಂಚಿತು. ಆದರೆ ಗೆಲುವು ಪೂರ್ಣವಲ್ಲ. ಸದಸ್ಯೆ ಮಿನ್ನಿ ಲ್ಯಾನ್ಸ್‌ಬರಿ 1922ರ ಜನವರಿ 1ರಂದು, 32ನೆಯ ವಯಸ್ಸಿನಲ್ಲೇ ತೀರಿಕೊಂಡರು. 4 ಪೌಂಡ್ ಕೂಲಿ ಅಕ್ರಮವೆಂದು 1925ರಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಪೀಠ ತೀರ್ಪಿತ್ತಿತು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ತಂಗಿದ ಕಿಂಗ್ಸ್‌ಲಿ ಹಾಲ್ ಇದ್ದದ್ದೂ ಈ ಪಾಪ್ಲರ್ ಪುರಸಭೆಯ ಎಲ್ಲೆಯಲ್ಲೇ. ಕ್ರೆಸಲ್ 1943ರಲ್ಲಿ ಅಲ್ಲಿಯ ಮೇಯರ್ ಆದರು.

ಗುತ್ತಲ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಪ್ರಾಂತೀಯ ಶಾಸನಸಭೆಗೆ ಮತ ಹಾಕುವ ಹಕ್ಕು ಆಸ್ತಿ, ಕಂದಾಯಗಳನ್ನು ಅವಲಂಬಿಸಿತ್ತು. ಹೊಲವಿಲ್ಲದ ಕೂಲಿಕಾರನಿಗೆ ಮತವೇ ಇಲ್ಲದಿದ್ದಾಗ ಕುರ್ಚಿಯ ಮಾತೆಲ್ಲಿ? ಹಿರೇಕೆರೂರಿನ ರೈತ ಸಭೆಯ ಹೊರಗೆ ನಿಂತು ಕರ ನಿರಾಕರಿಸಿದ. ಪಾಪ್ಲರಿನ ಹಮಾಲ ಸಭೆಯ ಒಳಗೆ ಕೂತು ನಿರಾಕರಿಸಿದ. ಸಂವಿಧಾನ ಬಂದ ಮೇಲೆ ನಮ್ಮ ಕೂಲಿಕಾರನಿಗೂ ಮತ ಬಂತು, ಸದಸ್ಯನಾಗುವ ಹಾದಿಯೂ ತೆರೆಯಿತು. ತೆರಿಗೆ ಎಷ್ಟು ಎಂಬುದರ ಜೊತೆಗೆ, ಅದರ ಭಾರ ಯಾರ ಹೆಗಲ ಮೇಲೆ ಎಂದೂ ಕೇಳಬೇಕಾದವನು ಈ ಸದಸ್ಯನೇ.